ವೈಕುಂಠ ಸಮಾರಾಧನೆಗೆ ಎಷ್ಟು ಸ್ಟಾರು?

ನಾನು ಕೆಲಸ ಮಾಡುವ ಅಡಿಗೆ ಕಂಪನಿಗೆ ಎರಡು ಗೇಟುಗಳಿವೆ. ಯಾದವಗಿರಿಯ ಹಳೇ ಬಂಗಲೆ ಅದು. ಮುಂದಿನ ಗೇಟಿನಿಂದ ಮದುವೆ, ಮುಂಜಿ, ಗೃಹಪ್ರವೇಶದವರು ಬರುತ್ತಾರೆ. ಅವರಿಗೆ ಸೋಫಾ, ಬಾದಾಮಿ ಹಾಲು, ಬಣ್ಣಬಣ್ಣದ ಆಲ್ಬಂ. ಹಿಂದಿನ ರಸ್ತೆಗೆ ತೆರೆಯುವ ಸಣ್ಣ ಗೇಟಿನಿಂದ ಬರುವವರು ಮನೆಯಲ್ಲಿ ಯಾರನ್ನೋ ಕಳೆದುಕೊಂಡವರು. ಅಪರಕರ್ಮದ ದಿನಗಳ ಅಡಿಗೆ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯ ಊಟ, ಇವಿಷ್ಟು ಅವರಿಗೆ ಬೇಕಾದದ್ದು. ಅವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ನೀರು, ಮತ್ತು ನಾನು.

ಈ ಎರಡು ಕಡೆಯವರು ಒಬ್ಬರಿಗೊಬ್ಬರು ಎದುರಾಗಬಾರದು ಅಂತಲೇ ದೊಡ್ಡ ಯಜಮಾನರು ಎರಡು ಗೇಟು ಇಡಿಸಿದ್ದರು. ಪಾತ್ರೆ ಬೇರೆ, ವ್ಯಾನು ಬೇರೆ, ಫೋನು ಬೇರೆ, ಅಡಿಗೆಯವರೂ ಬೇರೆ. ಮುಂದಿನವರು ನಮ್ಮ ವಿಭಾಗದ ಹೆಸರು ಕೂಡ ಬಾಯಲ್ಲಿ ಆಡುವುದಿಲ್ಲ, ‘ಆ ಕಡೆ’ ಅನ್ನುತ್ತಾರೆ. ನನಗೇನೂ ಬೇಜಾರಿರಲಿಲ್ಲ. ಆ ಕಡೆಯಲ್ಲಿ ಹೂವಿನ ಬಣ್ಣ ಸರಿಯಿಲ್ಲ ಅಂತ ಯಾರೂ ಜಗಳ ಆಡುವುದಿಲ್ಲ. ಎಷ್ಟೋ ವರ್ಷ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿದ್ದೆ.

ಆ ನೆಮ್ಮದಿಗೆ ಕಲ್ಲು ಹಾಕಿದವರು ದೊಡ್ಡ ಯಜಮಾನರ ಮಗ. ತಂದೆ ವ್ಯವಹಾರ ಬಿಟ್ಟು ವರಾಂಡದಲ್ಲಿ ಪೇಪರು ಓದಿಕೊಂಡು ಕೂತ ಮೇಲೆ ಚಿಕ್ಕ ಯಜಮಾನರು ಶನಿವಾರ ಭಾನುವಾರ ಯಾವುದೋ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಹೋಗತೊಡಗಿದರು. ಹೋಗುವಾಗ ನನ್ನನ್ನು ‘ಆಂಟಿ’ ಅನ್ನುತ್ತಿದ್ದವರು ಕೋರ್ಸು ಮುಗಿಸಿ ಬಂದಾಗ ‘ಮೇಡಂ’ ಅಂದರು. ಆಗಲೇ ನನಗೆ ಅನುಮಾನ ಬಂದಿತ್ತು. ಅವರ ಹಿಂದೆ ಒಬ್ಬ ಸಲಹೆಗಾರರೂ ಬಂದರು. ಕೈಯಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಸದಾ ಒಂದು ಮುಗುಳ್ನಗೆ. ಅಂಥ ನಗೆಯನ್ನು ನಮ್ಮ ಗೇಟಿನಲ್ಲಿ ಕಂಡವರಿಲ್ಲ.

ಮುಂದಿನ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಅವರು ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಎಂಬುದನ್ನು ಪರದೆಯ ಮೇಲೆ ತೋರಿಸಿದರು. ವ್ಯವಹಾರವನ್ನು ಬರೀ ಲಾಭ ನಷ್ಟದಿಂದ ಅಳೆಯಬಾರದಂತೆ. ನಾಲ್ಕು ಕಡೆಯಿಂದ ನೋಡಬೇಕಂತೆ: ಹಣ, ಗ್ರಾಹಕರು, ಒಳಗಿನ ಕೆಲಸ ನಡೆಯುವ ರೀತಿ, ಮತ್ತು ಕೆಲಸದವರ ಕಲಿಕೆ. ಒಂದೊಂದಕ್ಕೂ ಒಂದು ಚೌಕ, ಒಂದೊಂದು ಚೌಕಕ್ಕೂ ಗುರಿ. ಗುರಿ ಮುಟ್ಟಿದರೆ ಹಸಿರು, ಹತ್ತಿರ ಬಂದರೆ ಹಳದಿ, ಇಲ್ಲದಿದ್ದರೆ ಕೆಂಪು. ಮೂರು ತಿಂಗಳಿಗೊಮ್ಮೆ ವಿಮರ್ಶೆ.

ನಿಜ ಹೇಳುತ್ತೇನೆ, ಕೇಳಿದಾಗ ನನಗೆ ಇಷ್ಟವೇ ಆಯಿತು. ದುಡ್ಡೊಂದನ್ನೇ ನೋಡುವ ಯಜಮಾನರನ್ನು ಈ ಊರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಊಟ ಮಾಡಿದವರ ಮನಸ್ಸು, ಅಡಿಗೆ ಮಾಡುವವರ ಕೈ, ಇವನ್ನೂ ಲೆಕ್ಕಕ್ಕೆ ತಗೊಳ್ಳುತ್ತೇವೆ ಅನ್ನುವವರಿಗೆ ಬೇಡ ಅನ್ನುವುದು ಹೇಗೆ? ಒಂದು ಉಪಕಾರವೂ ಆಯಿತು. ನಮ್ಮ ವ್ಯಾನು ತಡವಾಗುವುದನ್ನು ವರ್ಷಗಟ್ಟಲೆ ನಾನು ಹೇಳಿದರೂ ಕಿವಿಗೆ ಹಾಕಿಕೊಳ್ಳದವರು, ಮೂರನೇ ಚೌಕ ಕೆಂಪಗಾದ ಕೂಡಲೇ ಮಂಡಿ ಮೊಹಲ್ಲಾದ ಉಗ್ರಾಣದಿಂದ ಸಾಮಾನು ಹಿಂದಿನ ದಿನವೇ ಬರುವ ಹಾಗೆ ಮಾಡಿದರು. ನನ್ನ ಮಾತಿಗೆ ಇಲ್ಲದ ಬೆಲೆ ಆ ಬಣ್ಣಕ್ಕಿತ್ತು.

ತೊಂದರೆ ಶುರುವಾದದ್ದು ಎರಡನೇ ಚೌಕದಲ್ಲಿ. ಗ್ರಾಹಕರು ಮತ್ತೆ ನಮ್ಮ ಹತ್ತಿರವೇ ಬರುತ್ತಾರಾ ಅನ್ನುವುದೇ ದೊಡ್ಡ ಅಳತೆಯಂತೆ. ಮದುವೆ ವಿಭಾಗಕ್ಕೂ ನಮಗೂ ಒಂದೇ ಗುರಿ ಕೊಟ್ಟರು: ಮರಳಿ ಬರುವ ಗ್ರಾಹಕರ ಸಂಖ್ಯೆ ಹೆಚ್ಚಬೇಕು.

ನಾನು ಕೈ ಎತ್ತಿದೆ. “ಸಾರ್, ವರ್ಷದ ತಿಥಿಯನ್ನ ಜನ ಮನೇಲೋ ಮಠದಲ್ಲೋ ಮಾಡ್ಕೋತಾರೆ. ನಮ್ಮ ಹತ್ರ ಬರೋದು ಹದಿಮೂರು ದಿನದ ಕೆಲಸಕ್ಕೆ ಮಾತ್ರ. ಅವರು ಮತ್ತೆ ಬರಬೇಕು ಅಂದ್ರೆ ಆ ಮನೇಲಿ ಇನ್ನೊಬ್ರು ಹೋಗ್ಬೇಕಲ್ಲ?”

ಸಲಹೆಗಾರರು ನಗುತ್ತಲೇ ಹೇಳಿದರು, “ಮೇಡಂ, ನೆಗೆಟಿವ್ ಆಗಿ ಯೋಚಿಸಬೇಡಿ. ಇದು ಮೈಂಡ್‌ಸೆಟ್ ಪ್ರಶ್ನೆ.”

ಸಾವನ್ನು ಪಾಸಿಟಿವ್ ಆಗಿ ಯೋಚಿಸುವುದು ಹೇಗೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮದುವೆ ವಿಭಾಗದ ಹುಡುಗಿಯರು ತಲೆ ತಗ್ಗಿಸಿಕೊಂಡು ನಗು ತಡೆಯುತ್ತಿದ್ದರು.

ಮುಂದಿನ ವಾರ ಮೊಬೈಲಿನಲ್ಲಿ ತುಂಬುವ ಅಭಿಪ್ರಾಯದ ಫಾರಂ ಬಂತು. ಎಲ್ಲ ಕಡೆಗೂ ಒಂದೇ ಅಳತೆ ಇರಬೇಕಾದ್ದರಿಂದ ಎರಡೂ ಗೇಟಿಗೆ ಒಂದೇ ಫಾರಂ. ಮೂಲೆಯಲ್ಲಿ ಮಾವಿನ ತೋರಣದ ಚಿತ್ರ. ಮೊದಲ ಪ್ರಶ್ನೆ: ನಮ್ಮ ಸೇವೆಯಿಂದ ನಿಮ್ಮ ಸಮಾರಂಭ ಎಷ್ಟು ಸಂತೋಷಕರವಾಯಿತು? ಎರಡನೆಯದು: ಮತ್ತೊಮ್ಮೆ ನಮ್ಮನ್ನು ಕರೆಯುವಿರಾ? ಮೂರನೆಯದು: ಬಂಧುಮಿತ್ರರಿಗೆ ನಮ್ಮನ್ನು ಶಿಫಾರಸು ಮಾಡುವಿರಾ? ಕೆಳಗೆ ಐದು ಸ್ಟಾರು, ಬೆರಳಿನಲ್ಲಿ ಮುಟ್ಟಿದರೆ ಹೊಳೆಯುತ್ತವೆ.

ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ಯಾರೂ ‘ಹೋಗಿ ಬರ್ತೀನಿ’ ಅನ್ನುವುದಿಲ್ಲ. ಮನೆಯವರೂ ‘ಬನ್ನಿ’ ಅನ್ನುವುದಿಲ್ಲ. ಊಟ ಚೆನ್ನಾಗಿತ್ತು ಅಂತಲೂ ಹೊಗಳುವುದಿಲ್ಲ. ಉಂಡವರು ಕೈ ತೊಳೆದು, ಚಪ್ಪಲಿ ಮೆಟ್ಟಿ, ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ನಮ್ಮ ಅಡಿಗೆಯವರೂ ಹಾಗೆಯೇ. ಪಾತ್ರೆ ತುಂಬಿಕೊಂಡು, ಯಾರಿಗೂ ಹೇಳದೆ, ವ್ಯಾನು ಹತ್ತಿಬಿಡುತ್ತಾರೆ. ಅಂಥ ಮನೆಯ ಬಾಗಿಲಿಗೆ ಇನ್ನು ಮುಂದೆ ನಾವು ವಾಪಸು ಹೋಗಿ, ಮತ್ತೊಮ್ಮೆ ಕರೆಯುವಿರಾ ಅಂತ ಕೇಳಬೇಕಿತ್ತು.

ಅಡಿಗೆಯವರು ಯಾರೂ ಫಾರಂ ಮುಟ್ಟಲಿಲ್ಲ. ಹಾಗಾಗಿ ಫೋನು ಮಾಡಿ ಕೇಳುವ ಕೆಲಸ ನನ್ನ ತಲೆಗೆ ಬಂತು. ಕೆಲವರು ಬೈದರು, ಅದು ಸುಲಭ. ಕೆಲವರು ಏನೂ ಹೇಳದೆ ಇಟ್ಟುಬಿಟ್ಟರು. ನನ್ನನ್ನು ಸೋಲಿಸಿದವರು ಹೆಂಡತಿಯನ್ನು ಕಳೆದುಕೊಂಡ ಒಬ್ಬ ನಿವೃತ್ತ ಮೇಷ್ಟರು. ಪ್ರಶ್ನೆಗಳನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ತುಂಬಾ ಮರ್ಯಾದೆಯಿಂದ ಕೇಳಿದರು, “ಎರಡನೇ ಪ್ರಶ್ನೆಗೆ ಏನ್ ಬರ್ಸ್ಲಿ ಅಮ್ಮ? ಮನೇಲಿ ಉಳಿದಿರೋನು ನಾನೊಬ್ನೇ. ಕರಿಯೋಕೆ ನಾನಿರಲ್ಲವಲ್ಲ. ಹೌದು ಅನ್ಲೋ, ಇಲ್ಲ ಅನ್ಲೋ?”

ನನಗೆ ನಾಚಿಕೆಯಾಯಿತು. ಬಾಯಿಗೆ ಬಂದದ್ದೇನೋ ಹೇಳಿ ಫೋನು ಇಟ್ಟೆ. ಆಮೇಲೆ ಯಾರಿಗೂ ಮಾಡಲಿಲ್ಲ. ಸ್ಟಾರುಗಳಿಲ್ಲದೆ ನಮ್ಮ ಎರಡನೇ ಚೌಕ ಕೆಂಪಗಾಯಿತು. ಕುಂಕುಮದ ಹಾಗಿನ ಕೆಂಪು. ಮದುವೆ ವಿಭಾಗದ್ದು ಹಸಿರು, ಅಲ್ಲಿ ಒಂದೇ ಮನೆಯವರು ಮೂರು ಹೆಣ್ಣುಮಕ್ಕಳ ಮದುವೆಗೂ ನಮ್ಮನ್ನೇ ಕರೆದಿದ್ದರಂತೆ.

ಮೊದಲ ವಿಮರ್ಶೆಯಲ್ಲೇ ಚಿಕ್ಕ ಯಜಮಾನರು ಗಂಟಲು ಸರಿಮಾಡಿಕೊಂಡರು. ಇನ್ನು ಮೂರು ತಿಂಗಳು ನೋಡುವುದು, ಬಣ್ಣ ಬದಲಾಗದಿದ್ದರೆ ಆ ಕಡೆಯನ್ನು ಮುಚ್ಚುವುದು. ಹಿಂದಿನ ಕೋಣೆಗಳನ್ನು ಮದುವೆಯವರು ತಿಂಡಿ ರುಚಿ ನೋಡುವ ಜಾಗ ಮಾಡುವುದು. ಸಲಹೆಗಾರರು ಆಗಲೇ ಅದಕ್ಕೊಂದು ಚಿತ್ರ ಬರೆಸಿ ತಂದಿದ್ದರು. ಅದರಲ್ಲಿ ನನ್ನ ಮೇಜಿದ್ದ ಕಡೆ ಒಂದು ಚಾಕೊಲೇಟ್ ಕಾರಂಜಿ ಇತ್ತು.

ಮುಚ್ಚಿದರೆ ನನಗೇನೂ ಆಗುತ್ತಿರಲಿಲ್ಲ. ಮನೆಯವರ ಪೆನ್ಷನ್ ಬರುತ್ತದೆ, ಇನ್ನಷ್ಟು ಹೊತ್ತು ಟಿವಿ ನೋಡಿಕೊಂಡಿರುತ್ತಿದ್ದೆ. ನನಗೆ ಹೆದರಿಕೆಯಾದದ್ದು ನಮ್ಮ ಭಟ್ಟರ ಬಗ್ಗೆ. ನಮ್ಮ ವಿಭಾಗದ ಮುಖ್ಯ ಅಡಿಗೆಯವರು ಅವರು. ಲಷ್ಕರ್ ಮೊಹಲ್ಲಾದಲ್ಲಿ ಬಾಡಿಗೆ ಮನೆ, ಮಂಡಿ ನೋವಿನ ಹೆಂಡತಿ, ಅರವತ್ತು ದಾಟಿದ ವಯಸ್ಸು. ಅಪರಕರ್ಮಕ್ಕೆ ಅಡಿಗೆ ಮಾಡಿದವರನ್ನು ಈ ಊರಿನಲ್ಲಿ ಯಾರೂ ಮದುವೆ ಅಡಿಗೆಗೆ ಕರೆಯುವುದಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಬರೆದಿಟ್ಟ ಕಾನೂನಿಗಿಂತ ಗಟ್ಟಿ. ಈ ಕೆಲಸ ಹೋದರೆ ಅವರಿಗೆ ಇನ್ನೊಂದು ಕೆಲಸವಿರಲಿಲ್ಲ.

ಹಾಗಂತ ಭಟ್ಟರನ್ನು ಪಾಪದ ಮನುಷ್ಯ ಅಂದುಕೊಳ್ಳಬೇಡಿ. ಮೂಗಿನ ತುದಿಯಲ್ಲೇ ಕೋಪ, ಮೈಯೆಲ್ಲ ಜಂಬ. ಕಲಿಕೆಯ ಚೌಕಕ್ಕಾಗಿ ಎಲ್ಲರೂ ತಮಗೆ ತಾವೇ ಹತ್ತಕ್ಕೆ ಅಂಕ ಹಾಕಿಕೊಳ್ಳಬೇಕು ಅಂದಾಗ ಅವರು ಹನ್ನೆರಡು ಹಾಕಿಕೊಂಡರು. ಹತ್ತಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ ಅಂದರೆ, “ಅದು ಅವರ ಲೆಕ್ಕ, ಇದು ನನ್ನ ಸಾರು” ಅಂದರು. ಸಾವಿನ ಮನೆಯವರನ್ನೂ ಬಿಡುತ್ತಿರಲಿಲ್ಲ. ಎಲೆ ಮುಂದೆ ಅಳುತ್ತಾ ಕೂತವರ ಹತ್ತಿರ ಬಕೆಟ್ಟು ಹಿಡಿದು ನಿಂತು, “ತಿನ್ನಿ ಸ್ವಾಮಿ, ಹೋದೋರು ನೀವು ಉಪವಾಸ ಸಾಯ್ಲಿ ಅಂತ ಹೋದ್ರಾ?” ಅಂತ ಗದರುತ್ತಿದ್ದರು. ಜನ ಬೆಚ್ಚಿಬಿದ್ದು ತಿನ್ನುತ್ತಿದ್ದರು. ಇದಕ್ಕೆ ಯಾವ ಚೌಕವೂ ಇರಲಿಲ್ಲ.

ಸಲಹೆಗಾರರಿಗೆ ಕಂಡದ್ದು ಬೇರೆ: ಭಟ್ಟರು ಮೂರು ತಿಂಗಳಲ್ಲಿ ಒಂದೂ ಹೊಸ ಅಡಿಗೆ ಕಲಿತಿಲ್ಲ. ಆ ದಿನಗಳಿಗೆ ಏನು ಮಾಡಬೇಕು ಅನ್ನುವುದು ತಲೆತಲಾಂತರದಿಂದ ನಡೆದು ಬಂದಿದೆ, ಮೆಣಸಿನ ಸಾರು, ಬಾಳೆಕಾಯಿ ಪಲ್ಯ, ಉದ್ದಿನ ವಡೆ, ಪಾಯಸ ಅಂತ ನಾನು ವಿವರಿಸಿದೆ.

“ಹಾಗಾದರೆ ಇನ್ನೋವೇಷನ್ ಎಲ್ಲಿ ಮೇಡಂ? ಹದಿಮೂರನೇ ದಿನ ಯಂಗ್‌ಸ್ಟರ್ಸ್ ಕೂಡ ಬರ್ತಾರಲ್ಲ. ಅವರಿಗೆ ಒಂದು ಗೋಬಿ ಮಂಚೂರಿ ಕೌಂಟರ್?”

ಭಟ್ಟರಿಗೆ ಈ ಮಾತು ತಲುಪದಂತೆ ನಾನು ನೋಡಿಕೊಂಡೆ. ಅದು ನಾನು ಆ ಕಂಪನಿಗೆ ಮಾಡಿದ ದೊಡ್ಡ ಸೇವೆ. ಮಂಚೂರಿ ತಪ್ಪಿತು, ಬದಲಿಗೆ ಇನ್ನೊಂದು ಬಂತು: ಕೆಲಸದ ಅದಲುಬದಲು. ಭಟ್ಟರು ಒಂದು ಮದುವೆಗೆ ಅಡಿಗೆ ಮಾಡಬೇಕು. ಹೊಸ ಅನುಭವ, ಹೊಸ ಕಲಿಕೆ, ಚೌಕ ಹಸಿರು.

ನಾನು ಚಿಕ್ಕ ಯಜಮಾನರ ಹತ್ತಿರ ಓಡಿದೆ. “ಬೇಡ ಸಾರ್, ಈ ಊರಲ್ಲಿ ಇದು ನಡೆಯಲ್ಲ. ಯಾರಾದ್ರೂ ಗುರುತು ಹಿಡಿದ್ರೆ?” ಅಂದೆ. “ಮೇಡಂ, ಈ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ?” ಅಂದರು. ಅವರ ಮದುವೆಗೆ ಲಗ್ನ ನೋಡಿದ್ದು, ದಿಕ್ಕು ಸರಿಯಿಲ್ಲ ಅಂತ ಮಂಟಪ ಬದಲಾಯಿಸಿದ್ದು ನನಗಿನ್ನೂ ನೆನಪಿತ್ತು.

ಭಟ್ಟರು ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಅವರು ಹೊಸ ಪಂಚೆ ತಗೊಂಡರು. ಬೆಳಗಾಗೆದ್ದು ಕ್ಷೌರ ಮಾಡಿಸಿಕೊಂಡು ಬಂದರು. “ಅಮ್ಮ, ನಗ್ತಾ ಊಟ ಮಾಡೋರ್ನ ನೋಡಿ ಎಷ್ಟು ಕಾಲ ಆಯ್ತು ಗೊತ್ತಾ?” ಅಂದರು. ಇಷ್ಟು ವರ್ಷ ಪಕ್ಕದಲ್ಲೇ ಇದ್ದವಳಿಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ಬೇಡ ಅನ್ನಲು ಬಂದವಳು, ಪಂಚೆ ಚೆನ್ನಾಗಿದೆ ಅಂದೆ.

ಮದುವೆಯ ದಿನ ನಾನೂ ಹೋದೆ. ಅಡಿಗೆಮನೆಯಿಂದ ಹೊರಗೆ ಕಾಲಿಡುವುದಿಲ್ಲ ಅಂತ ಭಟ್ಟರಿಂದ ಆಣೆ ಮಾಡಿಸಿದ್ದೆ. ಮೊದಲ ಪಂಕ್ತಿ ಮುಗಿಯುವವರೆಗೆ ಆಣೆ ನಿಂತಿತು. ಎರಡನೇ ಪಂಕ್ತಿಯಲ್ಲಿ ಯಾರೋ ಪಾಯಸ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿದದ್ದು ಬಾಗಿಲಿನಿಂದ ಅವರ ಕಣ್ಣಿಗೆ ಬಿತ್ತು. ಅಷ್ಟೇ ಸಾಕಾಯಿತು. ಬಕೆಟ್ಟು ಕಿತ್ತುಕೊಂಡು ಪಂಕ್ತಿಗೆ ಇಳಿದೇಬಿಟ್ಟರು. “ಬೇಡ ಅಂದ್ರೆ ಎಂಗೆ? ಮದುವೆ ಮನೇಲಿ ಪಾಯಸ ಬೇಡ ಅನ್ನೋರುಂಟಾ? ಕೈ ತೆಗೀರಿ!” ಜನ ನಗುತ್ತಿದ್ದರು. ಭಟ್ಟರ ಮುಖ ನೋಡಬೇಕಿತ್ತು.

ಹುಡುಗಿಯ ಅಜ್ಜಿ ಆ ಸಾಲಿನ ಕೊನೆಯಲ್ಲಿ ಕೂತಿದ್ದರು. ಯಾದವಗಿರಿಯವರೇ, ನಮ್ಮ ಬಂಗಲೆಯಿಂದ ಎರಡು ರಸ್ತೆ ಆಚೆ. ಕಿವಿ ಸ್ವಲ್ಪ ಮಂದ, ಅದಕ್ಕೇ ಮಾತು ಜೋರು. ಭಟ್ಟರನ್ನು ದಿಟ್ಟಿಸಿ ನೋಡಿ, ಮುಖವರಳಿಸಿ, ಇಡೀ ಊಟದ ಮನೆಗೆ ಕೇಳುವ ಹಾಗೆ ಅಂದರು, “ಅಯ್ಯೋ, ನೀವು ನಮ್ಮೆಜಮಾನ್ರ ವೈಕುಂಠಕ್ಕೆ ಅಡಿಗೆ ಮಾಡ್ದೋರಲ್ವಾ!”

ಬಡಿಸುವವರ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಗಂಡಿನ ಸೋದರಮಾವ ಅರ್ಧ ಊಟದಲ್ಲಿ ಎದ್ದರು. ಅವರ ಹಿಂದೆ ಇನ್ನಿಬ್ಬರು. ಯಾರೋ ‘ಅಪಶಕುನ’ ಅಂದರು, ಯಾರೋ ‘ಎಲ್ಲಿ ಆ ಕಂಪನಿಯೋರು’ ಅಂದರು. ನಮ್ಮ ಮದುವೆ ವಿಭಾಗದವರೇ ಭಟ್ಟರ ರಟ್ಟೆ ಹಿಡಿದು ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿದರು. ಅವರು ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಸ ಪಂಚೆಯ ಮೇಲೆ ಪಾಯಸ ಚೆಲ್ಲಿತ್ತು.

ಅಜ್ಜಿ ಮಾತ್ರ ಊಟ ಬಿಡಲಿಲ್ಲ. “ಯಾಕೆ ಕಳಿಸ್ಬುಟ್ರಿ? ಅವರು ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡಿದ್ದು ಅವತ್ತೇ ಕಣ್ರೋ. ಬೇಡ ಅಂದ್ರೂ ಬೈದು ಬಡಿಸಿದ್ರು. ಕರೀರಿ ಅವರ್ನ” ಅನ್ನುತ್ತಿದ್ದರು. ಕರೆಯುವವರು ಯಾರೂ ಇರಲಿಲ್ಲ. ಮಗ ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಅವನ ಕೈ ಕೊಡವಿ ಪಾಯಸ ಮುಗಿಸಿದರು.

ಮುಂದಿನ ವಿಮರ್ಶೆಯಲ್ಲಿ ನಾಲ್ಕು ಚೌಕಗಳೂ ಭಟ್ಟರ ಹೆಸರಿಗೇ ಕೆಂಪು. ಗ್ರಾಹಕರ ಅಸಮಾಧಾನ ಅವರಿಂದ, ಹಣದ ನಷ್ಟ ಅವರಿಂದ, ಕೆಲಸದ ಶಿಸ್ತು ಮುರಿದದ್ದು ಅವರು, ಕಲಿಕೆಯಲ್ಲಿ ಸೋತದ್ದೂ ಅವರೇ. ಅವರನ್ನು ಮದುವೆಗೆ ಕಳಿಸಬೇಕೆಂದು ತೀರ್ಮಾನಿಸಿದವರಿಗೆ ಒಂದು ಚೌಕ ಹಾಕಬಹುದಿತ್ತು, ಆದರೆ ಪರದೆಯಲ್ಲಿ ಜಾಗ ಇರಲಿಲ್ಲ. ತಿಂಗಳ ಕೊನೆಗೆ ಹಿಂದಿನ ಗೇಟು ಮುಚ್ಚುವುದು, ಭಟ್ಟರನ್ನು ಕಳಿಸುವುದು ಅಂತಾಯಿತು. ಎಲ್ಲರೂ ಎದ್ದು ಹೋದ ಮೇಲೆ ನಾನು ಚಿಕ್ಕ ಯಜಮಾನರ ಮುಂದೆ ನಿಂತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಮರ್ಯಾದೆಯ ಮಾತಿನಲ್ಲೇ ಬೈದೆ. ಅವರು ನೆಲ ನೋಡಿಕೊಂಡು, “ನಾನೇನ್ ಮಾಡ್ಲಿ ಆಂಟಿ, ನಂಬರ್ಸ್ ಹಾಗೆ ಹೇಳ್ತಿದೆ” ಅಂದರು. ತಪ್ಪು ಮಾಡಿದಾಗ ಅವರಿಗೆ ನಾನು ಮತ್ತೆ ಆಂಟಿ.

ಭಟ್ಟರಿಗೆ ನಾನೇ ಹೇಳಿದೆ. ಅವರು ಪಾತ್ರೆಗಳನ್ನು ಬೋರಲು ಹಾಕುತ್ತಾ, “ಒಳ್ಳೇದಾಯ್ತು ಬುಡಿ, ನಂಗೂ ಸಾಕಾಗಿತ್ತು” ಅಂದರು. ಸಾಕಾದವರ ದನಿಯಲ್ಲ ಅದು. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುತ್ತಾರೋ ಅಂದುಕೊಳ್ಳುತ್ತಾ ನಾನೂ ಒಂದು ಪಾತ್ರೆ ಬೋರಲು ಹಾಕಿದೆ.

ಎರಡು ದಿನ ಕಳೆದಿರಬೇಕು, ನಮ್ಮ ಫೋನು ಬಡಿದುಕೊಂಡಿತು. ಆ ಅಜ್ಜಿ. ಮದುವೆಯ ವಿಷಯಕ್ಕೆ ಜಗಳ ಆಡಲು ಮಾಡಿದ್ದಾರೆ ಅಂತ ನಾನು ಕ್ಷಮೆ ಕೇಳತೊಡಗಿದೆ.

“ಅದಿರ್ಲಿ ಬಿಡಮ್ಮ. ಒಂದು ಊಟ ಬುಕ್ ಮಾಡ್ಕೋ.”

“ಯಾರದ್ದಮ್ಮಾ?” ಅಂದೆ. ನಮ್ಮ ವಿಭಾಗದಲ್ಲಿ ಕೇಳುವ ಮೊದಲ ಪ್ರಶ್ನೆ ಅದು.

“ನಂದೇ ಕಣಮ್ಮ. ಇನ್ಯಾರ್ದು?”

ಕಂಪ್ಯೂಟರಿನ ಕಡೆ ನೋಡುತ್ತಾ, “ತಾರೀಖು ಹಾಕದೆ ಇದು ಮುಂದಕ್ಕೆ ಹೋಗಲ್ಲಮ್ಮಾ” ಅಂದುಬಿಟ್ಟೆ.

“ತಾರೀಖು ನಂಗೇನ್ ಗೊತ್ತು? ನಿಮ್ ಕಂಪ್ಯೂಟರ್‌ಗೆ ಗೊತ್ತಿದ್ರೆ ನೀನೇ ಹೇಳು. ನೋಡು, ಅಡಿಗೆ ಆ ಭಟ್ರೇ ಮಾಡ್ಬೇಕು. ಬೇರೆಯೋರು ಮಾಡಿದ್ರೆ ಅಲ್ಲಿಂದ್ಲೇ ಎದ್ದು ಬಂದ್ಬುಡ್ತೀನಿ. ಅವರಿಗೆ ಹೇಳು, ನಾ ಹೋಗೋವರ್ಗೂ ಎಲ್ಲೂ ಹೋಗ್ಬಾರ್ದು.”

ಫೋನಿನಲ್ಲಿ ಹೇಳಿದ್ದು ಸಾಲದು ಅಂತ ಮಾರನೇ ದಿನ ಆಟೋ ಮಾಡಿಕೊಂಡು ಹಿಂದಿನ ಗೇಟಿಗೇ ಬಂದರು. ಜೊತೆಯಲ್ಲಿ ಅವರ ಭಜನೆ ಮಂಡಳಿಯ ಗೆಳತಿಯರು. ನನ್ನ ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಮುಂದಿನ ಸೋಫಾ ತರಿಸಬೇಕಾಯಿತು. ಒಬ್ಬೊಬ್ಬರೂ ತಮ್ಮ ತಮ್ಮ ಊಟ ಗೊತ್ತು ಮಾಡಿದರು. ಒಬ್ಬರಿಗೆ ಉದ್ದಿನ ವಡೆ ಗರಿಯಾಗಿರಬೇಕು, ಇನ್ನೊಬ್ಬರ ಸೊಸೆಗೆ ಗಸಗಸೆ ಪಾಯಸ ಆಗುವುದಿಲ್ಲವಾದ್ದರಿಂದ ಗಸಗಸೆ ಪಾಯಸವೇ ಇರಬೇಕು. ಮುಂದಿನ ಹಾಲಿನಲ್ಲಿ ಮದುವೆಯ ಮೆನು ಆರಿಸುವವರಿಗಿಂತ ಇವರ ನಗು ಜೋರಾಗಿತ್ತು. ಅಜ್ಜಿ ಫಾರಂ ಕೇಳಿ ಇಸ್ಕೊಂಡರು. ಐದೂ ಸ್ಟಾರು ಒತ್ತಿದರು. ಮತ್ತೊಮ್ಮೆ ಕರೆಯುವಿರಾ ಅನ್ನುವಲ್ಲಿ ‘ಒಂದು ಸಲ ಸಾಕು’ ಅಂತ ಬರೆಸಿದರು.

ಗಲಾಟೆ ಕೇಳಿ ಬಂದ ಸಲಹೆಗಾರರು ಕುಣಿದಾಡುವುದೊಂದು ಬಾಕಿ. ಹಿಂದೆ ಗಂಡನಿಗಾಗಿ ಬಂದವರು ಈಗ ತಮಗಾಗಿ ಬಂದಿದ್ದಾರೆ: ಮರಳಿ ಬಂದ ಗ್ರಾಹಕರು! ಗೆಳತಿಯರನ್ನು ಕರೆತಂದಿದ್ದಾರೆ: ಶಿಫಾರಸು! ಅದೂ ಮುಂಗಡ ಬುಕಿಂಗು! ನಮ್ಮ ಎರಡನೇ ಚೌಕ ಅವತ್ತು ಮೊದಲ ಸಲ ಹಸಿರಾಯಿತು. ಬುಕಿಂಗುಗಳೆಲ್ಲ ಭಟ್ಟರ ಹೆಸರು ಹಿಡಿದೇ ಇದ್ದದ್ದರಿಂದ ಅವರನ್ನು ಕಳಿಸುವ ಹಾಗಿರಲಿಲ್ಲ. ಚಾಕೊಲೇಟ್ ಕಾರಂಜಿಯ ಚಿತ್ರ ಮಡಿಸಿ ಒಳಗಿಟ್ಟರು.

ಸಂತೋಷ ಒಂದು ವಿಮರ್ಶೆಯಷ್ಟು ಕಾಲ ಬಾಳಿತು. ಅದರ ಮುಂದಿನದರಲ್ಲಿ ಸಲಹೆಗಾರರು ಹುಬ್ಬು ಗಂಟಿಕ್ಕಿದರು. “ಮೇಡಂ, ಬುಕಿಂಗ್ ಇದೆ, ಆದರೆ ಒಂದೂ ಆರ್ಡರ್ ಪೂರ್ತಿ ಆಗಿಲ್ಲವಲ್ಲ? ಫಾಲೋ-ಅಪ್ ಮಾಡ್ತಿದ್ದೀರಾ?”

“ದಿನಾ ಮಾಡ್ತೀನಿ ಸಾರ್” ಅಂದೆ. “ಬೆಳಿಗ್ಗೆ ಸ್ನಾನ ಆದ ಮೇಲೆ ದೇವರ ಮುಂದೆ.”

ಅವರು ಅದನ್ನು ಬರೆದುಕೊಂಡರು. ನಾನು ಏನೆಂದು ಬೇಡಿಕೊಳ್ಳುತ್ತೇನೆಂದು ಮಾತ್ರ ಕೇಳಲಿಲ್ಲ.

ಅಷ್ಟರಲ್ಲಿ ಭಟ್ಟರು ಮೆನು ಗೊತ್ತುಮಾಡಲೆಂದು ಅಜ್ಜಿಯ ಮನೆಗೆ ಹೋಗಿಬರತೊಡಗಿದ್ದರು. ಒಂದು ಸಲಕ್ಕೆ ಮುಗಿಯಬೇಕಾದ ಕೆಲಸ. ಹೋದಾಗಲೆಲ್ಲ ಅಜ್ಜಿ ಏನಾದರೊಂದು ಬದಲಾಯಿಸುತ್ತಿದ್ದರು. ಪಡವಲಕಾಯಿ ಬೇಡ, ಬಾಳೆಕಾಯಿ ಇರಲಿ. ಬಾಳೆಕಾಯಿ ಬೇಡ, ಹಾಗಲಕಾಯಿ ಗೊಜ್ಜು ಮಾಡಿ. ಭಟ್ಟರು ಕಿಡಿಕಿಡಿಯಾಗಿ ಬರುತ್ತಿದ್ದರು: “ಮೆಣಸಿನ ಸಾರಿಗೆ ಬೆಲ್ಲ ಹಾಕು ಅಂತಾರೆ ಅಮ್ಮ! ನನಗೆ! ನಾನು ಆಗಲ್ಲ ಅಂದ್ಬುಟ್ಟೆ. ಸಾಯ್ಲಿ ಬಿಡಿ” ಅನ್ನುವರು, ತಕ್ಷಣ ನಾಲಿಗೆ ಕಚ್ಚಿಕೊಂಡು ಕೆನ್ನೆ ಬಡಿದುಕೊಳ್ಳುವರು. ಮುಂದಿನ ವಾರ ಮತ್ತೆ ಹೊರಡುವರು, ಒಂದು ಡಬ್ಬಿಯಲ್ಲಿ ಸಾರು ತುಂಬಿಕೊಂಡು. ರುಚಿ ತೋರಿಸಲು ಅಂತೆ. ರುಚಿ ನೋಡುವುದಕ್ಕೆ ಅಷ್ಟು ದೊಡ್ಡ ಡಬ್ಬಿ ಬೇಕಾಗಿರಲಿಲ್ಲ.

ಒಮ್ಮೆ ನಾನೇ ಹೋಗಿದ್ದೆ. “ಏನಮ್ಮಾ, ಒಂದು ಮೆನು ಮಾಡೋಕೆ ಇಷ್ಟು ದಿನಾನಾ?” ಅಂತ ತಮಾಷೆ ಮಾಡಿದೆ.

ಅಜ್ಜಿ ಬಾಗಿಲ ಕಡೆ ನೋಡಿ, ಅವರ ಮಟ್ಟಿಗೆ ಮೆತ್ತಗೆ ಅಂದರು, “ಅವತ್ತು ನಾ ಬಾಯಿ ಮುಚ್ಕೊಂಡಿದ್ದಿದ್ರೆ ಅವರಿಗೆ ಆ ಅವಮಾನ ಆಗ್ತಿರ್ಲಿಲ್ಲ, ಕೆಲ್ಸಕ್ಕೂ ಕುತ್ತು ಬರ್ತಿರ್ಲಿಲ್ಲ. ನಾನಿರೋವರ್ಗೂ ಅವರಿಗೆ ಕೆಲ್ಸ ಇರತ್ತಲ್ಲಾ. ಅದಕ್ಕೇ ಸ್ವಲ್ಪ ನಿಧಾನ ಮಾಡ್ತಿದೀನಿ.”

ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಈ ಊರಿನಲ್ಲಿ ವ್ಯವಹಾರ ಬಲ್ಲವರು ಯಾರು ಅಂತ ಯಾರಾದರೂ ಕೇಳಿದರೆ ನಾನು ಅವರ ಮನೆಯ ದಾರಿ ತೋರಿಸುತ್ತೇನೆ.

ಹೋದ ತಿಂಗಳು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ, ಆದರೆ ಹಾಸಿಗೆ ಬಿಟ್ಟು ಎದ್ದಿಲ್ಲ. ಮಾತು ಕಡಿಮೆಯಾಗಿದೆಯಂತೆ. ವಿಷಯ ಮುಂದಿನ ಹಾಲಿಗೂ ತಲುಪಿತು. ಸಲಹೆಗಾರರು ಯಾವ ದುರುದ್ದೇಶವೂ ಇಲ್ಲದೆ, ಆ ಆರ್ಡರಿಗೆ ಸಾಮಾನು ಸಿದ್ಧವಿದೆಯೇ ನೋಡಿಕೊಳ್ಳಿ ಅಂತ ನನಗೆ ಸಂದೇಶ ಕಳಿಸಿದರು. ಕೊನೆಯಲ್ಲಿ ಮೇಲೆತ್ತಿದ ಹೆಬ್ಬೆರಳಿನ ಚಿತ್ರ.

ಅವತ್ತು ಸಂಜೆ ಭಟ್ಟರು ಅಜ್ಜಿಯನ್ನು ನೋಡಿಕೊಂಡು ಬಂದರು. ಡಬ್ಬಿ ತೆರೆದೇ ಇರಲಿಲ್ಲ, ಸಾರು ಹಾಗೆಯೇ ಇತ್ತು. ನನ್ನ ಎದುರಿನ ಕುರ್ಚಿಯಲ್ಲಿ ಕೂತರು, ಗ್ರಾಹಕರು ಕೂರುವ ಕುರ್ಚಿಯಲ್ಲಿ. ಡಬ್ಬಿಯನ್ನು ಮೇಜಿನ ಮೇಲಿಟ್ಟರು.

“ಅಮ್ಮ, ಆ ಒಂದು ಆರ್ಡರ್ ನನ್ನ ಕೈಲಿ ಆಗಲ್ಲ” ಅಂದರು.

“ಆಗಲ್ಲ ಅಂದ್ರೆ ಹೇಗೆ ಭಟ್ರೇ? ಆರ್ಡರ್ ಇರೋದೇ ನಿಮ್ಮ ಹೆಸರಲ್ಲಿ. ನೀವು ಬಿಟ್ರೆ ಕಂಪನಿಯೋರು ನಿಮ್ಮನ್ನ ಕಳಿಸ್ಬುಡ್ತಾರೆ.”

“ಕಳಿಸ್ಲಿ. ಎಷ್ಟು ಕೆಂಪು ಬೇಕೋ ಅಷ್ಟು ಬಳಕೊಳ್ಲಿ.” ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ಅವತ್ತು ಬಡಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಮ್ಮ. ನಾನು ಅವತ್ತು ಎಲೆ ಮುಂದೆ ಕೂರೋನು.”